ಸಹನೆಯ ಉಪದೇಶಕ್ಕೆ ಮುನ್ನ

ರೋಗಿಯನ್ನು ಸಂದರ್ಶಿಸಲು ಹೋದಾಗ ನಮ್ಮ ಬಾಯಿಂದ ಮೊದಲು ಹೊರಡುವ ಮಾತು "ಸಬ್ರ್ ಮಾಡಿ" ಎಂಬುದು. ನೋವನ್ನು ಸಹಿಸಿದ ವಿಶ್ವಾಸಿಯ ಪಾಪಗಳು ಅಳಿಯುತ್ತವೆಂದು ನಾನೂ ತರಗತಿಯಲ್ಲಿ ಕಲಿಸುತ್ತೇನೆ. ಆದರೆ ಸಹನೆಯ ಪುಣ್ಯ ನೋವುಂಡವರದು. ಆರೈಕೆ ಮಾಡಬೇಕಾದವರ ಆಲಸ್ಯಕ್ಕೆ ಅದು ಹೊದಿಕೆಯಾಗಬಾರದು.

ಎಂಬತ್ತು ದಾಟಿದ ನಮ್ಮ ಬಂಧುವೊಬ್ಬರು ವೃದ್ಧರ ಆರೈಕೆ ಕೇಂದ್ರವೊಂದರಲ್ಲಿದ್ದರು. ಮಕ್ಕಳೆಲ್ಲ ಗಲ್ಫ್‌ನಲ್ಲಿ. ಮರೆವಿನ ಕಾಯಿಲೆ ಬೇರೆ. ಬೆಳಗ್ಗೆ ಸ್ನಾನ ಮಾಡಿಸಿ ಬಟ್ಟೆ ತೊಡಿಸುವಾಗ ಆ ತಾಯಿ ಕಿರುಚುತ್ತಿದ್ದರು, ಹೊಡೆಯಲು ಕೈಯೆತ್ತುತ್ತಿದ್ದರು. ಜಗಳಗಂಟಿ ಅಜ್ಜಿ ಎಂಬ ಹೆಸರು ಬಿತ್ತು. ನಿದ್ರೆಯ ಮಾತ್ರೆ ಕೊಡುವ ಮಾತೂ ಬಂತು. ಹೊಸದಾಗಿ ಬಂದ ದಾದಿಯೊಬ್ಬರು ಬಲಭುಜವನ್ನು ಮೆಲ್ಲಗೆ ಮುಟ್ಟಿ ನೋಡಿದಾಗ ಕಾರಣ ತಿಳಿಯಿತು: ಕೀಲು ಬಿಗಿದುಕೊಂಡಿತ್ತು. ಅಂದಿನಿಂದ ತಲೆಯ ಮೇಲಿಂದ ಎಳೆದು ತೊಡಿಸುವ ಅಂಗಿಯನ್ನು ಬಿಟ್ಟು ಮುಂದೆ ಗುಂಡಿಯಿರುವ ಅಂಗಿಯನ್ನು ತರಿಸಲಾಯಿತು. ತೊಡಿಸುವಾಗ ನೋವಿನ ಕೈ ಮೊದಲು, ಬಿಚ್ಚುವಾಗ ಅದೇ ಕೈ ಕೊನೆಗೆ. ಸ್ನಾನಕ್ಕೆ ಮುನ್ನ ಭುಜಕ್ಕೆ ಬಿಸಿಬಟ್ಟೆಯ ಶಾಖ. ವಾರ ಕಳೆಯುವಷ್ಟರಲ್ಲಿ ಕಿರುಚಾಟ ಬಹುಮಟ್ಟಿಗೆ ನಿಂತಿತು. ಅವರ ಸ್ವಭಾವವನ್ನು ದೂರಿದವರಲ್ಲಿ ನಾನೂ ಒಬ್ಬನಾಗಿದ್ದೆ.

ನಾರ್ವೆಯ 18 ಆರೈಕೆ ಕೇಂದ್ರಗಳಲ್ಲಿ ಮರೆವಿನ ಕಾಯಿಲೆಯ 352 ಮಂದಿಯನ್ನು ಒಳಗೊಂಡ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ನೋವಿಗೆ ಕ್ರಮಬದ್ಧ ಚಿಕಿತ್ಸೆ ದೊರೆತವರಲ್ಲಿ ಕೆರಳಾಟ ತಗ್ಗಿತ್ತು. ಅಲ್ಲಿ ಕೊಟ್ಟದ್ದು ಔಷಧವೇ, ಬಹುತೇಕರಿಗೆ ಬರಿಯ ಪ್ಯಾರಸಿಟಮಾಲ್. ಆದರೂ ಮಾತು ಸೋತವರ ನೋವು ಕೋಪವಾಗಿ ಹೊರಬರುತ್ತದೆಂಬುದು ಅದರಿಂದ ಸ್ಪಷ್ಟವಾಗುತ್ತದೆ. ಅಂಥವರ ಉಸಿರಾಟ, ನರಳಿಕೆ, ಮುಖಭಾವ, ಮೈಯ ಬಿಗಿತ, ಸಂತೈಸಿದರೆ ಶಾಂತರಾಗುವರೇ ಎಂಬುದು, ಈ ಐದನ್ನು ಗಮನಿಸಿ ನೋವನ್ನು ಅಳೆಯುವ ಪದ್ಧತಿ ವೈದ್ಯಲೋಕದಲ್ಲಿದೆ. ಮನೆಯವರೂ ಇದನ್ನು ಕಲಿಯಬಹುದು.

ನಾನು ಔಷಧದ ವಿರೋಧಿಯಲ್ಲ. ವೈದ್ಯರು ಬರೆದದ್ದನ್ನು ನಿಲ್ಲಿಸಿ ಎಣ್ಣೆ ತಿಕ್ಕುವುದು ಭಕ್ತಿಯಲ್ಲ, ಅವಿವೇಕ. ಆದರೆ ಡೈಕ್ಲೋಫಿನಾಕ್‌ನಂಥ ಗುಳಿಗೆಗಳು ಮುಪ್ಪಿನಲ್ಲಿ ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯಕಾರಿಯಾಗಬಲ್ಲವು. ಆದುದರಿಂದಲೇ ಮಗ್ಗುಲು ಬದಲಿಸುವುದು, ಮೊಣಕಾಲುಗಳ ನಡುವೆ ದಿಂಬಿಡುವುದು, ಕುಳಿತಲ್ಲೇ ಕಾಲು ನೀಡಿಸುವುದು, ನಾಲ್ಕು ಹೆಜ್ಜೆ ನಡೆಸುವುದು, ಅಂಗೈಯನ್ನು ನೇವರಿಸುವುದು, ಇಷ್ಟದ ಕಿರಾಅತ್ ಕೇಳಿಸುವುದು ಇವುಗಳಿಗೆ ಬೆಲೆಯಿದೆ. ಶಾಖ ಕೊಡುವಾಗ ಮಾತ್ರ ಎಚ್ಚರವಿರಲಿ. ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕುಂದಿದವರಿಗೆ ಸುಟ್ಟರೂ ತಿಳಿಯದು.

ಇನ್ನೊಂದು ಮಾತು. ಮೊಣಕಾಲು ಸಿಡಿಯುತ್ತಿದ್ದರೂ ಕುರ್ಚಿಯಲ್ಲಿ ನಮಾಝ್ ಮಾಡಲು ನಾಚುವ ಹಿರಿಯರು ಬಹಳ. ಅಸ್ವಸ್ಥರಾಗಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಪ್ರವಾದಿಯವರು(ಸ) ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ನಮಾಝ್ ಮಾಡಲು ಅನುಮತಿಯಿತ್ತರು. ಇದನ್ನು ಹಿರಿಯರಿಗೆ ತಿಳಿಹೇಳಬೇಕಾದವರು ನಾವು, ಉಸ್ತಾದರು.

ನೆರೆಯ ಕೇರಳದಲ್ಲಿ 1993ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಕಾರ್ಯ ಮಲಪ್ಪುರಂನ ಮನೆಮನೆಗಳಿಗೆ ಹಬ್ಬಿದ್ದು ತರಬೇತಿ ಪಡೆದ ನೆರೆಹೊರೆಯ ಸ್ವಯಂಸೇವಕರಿಂದ. ನಮ್ಮ ಜಮಾಅತ್‌ಗಳು ರೋಗಿಗಳ ಔಷಧಕ್ಕಾಗಿ ಶುಕ್ರವಾರ ಹಣವನ್ನೇನೋ ಸಂಗ್ರಹಿಸುತ್ತವೆ. ವಾರಕ್ಕೊಮ್ಮೆ ಅರ್ಧ ಗಂಟೆ ಹಿರಿಯರೊಬ್ಬರ ಬಳಿ ಕುಳಿತು ಅವರ ಕಾಲು ನೀಡಿಸಲು ನಾಲ್ವರು ಯುವಕರನ್ನೂ ನಾಲ್ವರು ಯುವತಿಯರನ್ನೂ ಸಿದ್ಧಪಡಿಸುವುದು ಅಷ್ಟು ಕಷ್ಟವೇ? ಮುಂದಿನ ಸಭೆಯಲ್ಲಿ ಈ ಪ್ರಶ್ನೆಯನ್ನು ನಮ್ಮ ಮಸೀದಿಯ ಸಮಿತಿಯ ಮುಂದಿಡಲಿದ್ದೇನೆ.