ಒಂದು ಲೀಟರಿನ ಎಂಜಿನ್ನು ಎಷ್ಟು ಲೀಟರಿನದು?

ಉಜಿರೆ ದಾಟಿ ಚಾರ್ಮಾಡಿ ಘಾಟಿಯ ತಿರುವುಗಳು ಶುರುವಾದಾಗ ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬ ಲಗೇಜು. ಭಾವನ ಹೊಸ ಕಾರು. ಒಂದು ಲೀಟರಿನ, ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್. ‘ಭಾವ, ಇದು ಏರು ಎಳೆಯುತ್ತಾ?’ ಎಂದು ಕೇಳಿದೆ. ‘ನೋಡ್ತಾ ಇರಿ’ ಎಂದರು. ಎಳೆಯಿತು. ತೆವಳುತ್ತಿದ್ದ ಲಾರಿಯ ಹಿಂದೆ ಏರಿನಲ್ಲೇ ನಿಂತು ಮತ್ತೆ ಹೊರಡುವಾಗಲೂ ದಣಿಯಲಿಲ್ಲ. ಆದರೆ ಕೆಳಗೆ ಬಯಲು ರಸ್ತೆಯಲ್ಲಿ ಲೀಟರಿಗೆ ಹತ್ತೊಂಬತ್ತು ತೋರಿಸುತ್ತಿದ್ದ ಡ್ಯಾಶ್‌ಬೋರ್ಡು, ಕೊಟ್ಟಿಗೆಹಾರದಲ್ಲಿ ಚಹಾಕ್ಕೆ ನಿಲ್ಲಿಸುವ ಹೊತ್ತಿಗೆ ಘಾಟಿಯ ಲೆಕ್ಕವನ್ನು ಒಂಬತ್ತು ಎಂದು ತೋರಿಸುತ್ತಿತ್ತು. ‘ಇಪ್ಪತ್ತು ಕೊಡುತ್ತೆ ಅಂದಿದ್ದರಲ್ಲ’ ಎಂದು ಭಾವ ಸಪ್ಪಗಾದರು.

ಕಾರಿನಲ್ಲಿ ದೋಷವೇನೂ ಇರಲಿಲ್ಲ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಸುಮಾರು 14.7 ಕಿಲೋ ಗಾಳಿ ಬೇಕು. ಹಾಗಾಗಿ ಎಂಜಿನ್ನಿನ ಕಸುವೆಂದರೆ ಅದು ಎಷ್ಟು ಗಾಳಿ ಕುಡಿಯಬಲ್ಲದು ಎಂಬುದೇ. ಟರ್ಬೊ ಮಾಡುವುದು ಇಷ್ಟೆ: ಸೈಲೆನ್ಸರಿನ ಕಡೆ ವ್ಯರ್ಥವಾಗಿ ಹೋಗುವ ಬಿಸಿ ಹೊಗೆಯಿಂದ ಒಂದು ಪುಟ್ಟ ಚಕ್ರ ತಿರುಗಿಸಿ, ಅದೇ ದಂಡಕ್ಕೆ ಕೂಡಿಸಿದ ಇನ್ನೊಂದು ಚಕ್ರದಿಂದ ಹೊರಗಿನ ಗಾಳಿಯನ್ನು ಸಿಲಿಂಡರಿಗೆ ಒತ್ತಿ ತುಂಬುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಆ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಇದಕ್ಕೆ 1905ರಲ್ಲೇ ಪೇಟೆಂಟ್ ಪಡೆದ. ಬಿಸಾಡುವ ಹೊಗೆಯಿಂದಲೇ ಕೆಲಸ ತೆಗೆದ ಆ ಬುದ್ಧಿಗೆ ನಾನು ಇಂದಿಗೂ ಬೆರಗಾಗುತ್ತೇನೆ.

ಬೆಂಗಳೂರಿನವರಿಗೆ ಇದರ ಲಾಭ ಒಂದು ತೂಕ ಹೆಚ್ಚು. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರಿಗೆ ಹೋಲಿಸಿದರೆ ಗಾಳಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ತೆಳು. ಸಾದಾ ಎಂಜಿನ್ನು ಅಷ್ಟು ಕಸುವನ್ನು ಇಲ್ಲಿ ಸುಮ್ಮನೆ ಕಳೆದುಕೊಳ್ಳುತ್ತದೆ. ಟರ್ಬೊ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

ಆದರೆ ಗಾಳಿ ಎರಡು ಪಟ್ಟಾದರೆ ಪೆಟ್ರೋಲೂ ಎರಡು ಪಟ್ಟಾಗಲೇಬೇಕು. ಘಾಟಿಯಲ್ಲಿ ಭಾವನ ಒಂದು ಲೀಟರಿನ ಎಂಜಿನ್ನು ಹೆಚ್ಚುಕಡಿಮೆ ಎರಡು ಲೀಟರಿನ ಎಂಜಿನ್ನಿನಂತೆ ದುಡಿಯಿತು, ಹಾಗೆಯೇ ಉಂಡಿತು. ಇಷ್ಟಕ್ಕೇ ಮುಗಿಯುವುದಿಲ್ಲ. ಏರಿನಲ್ಲಿ, ಅತಿ ವೇಗದಲ್ಲಿ ಹೊಗೆಯ ಬಿಸಿ ಸಾವಿರ ಡಿಗ್ರಿಯ ಹತ್ತಿರಕ್ಕೆ ಹೋದಾಗ, ಚಕ್ರ ಕೆಡದಿರಲೆಂದು ಅನೇಕ ಎಂಜಿನ್ನುಗಳಲ್ಲಿ ಕಂಪ್ಯೂಟರು ಒಂದಿಷ್ಟು ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುತ್ತದೆ. ಅದು ಉರಿದು ಗಾಡಿ ಎಳೆಯಲಿಕ್ಕಲ್ಲ, ತಣಿಸಲಿಕ್ಕೆ. ದೋಸೆ ಹುಯ್ಯುವ ಮುಂಚೆ ಕಾದ ಕಾವಲಿಗೆ ನೀರು ಚಿಮುಕಿಸುತ್ತೇವಲ್ಲ, ಹಾಗೆ. ವ್ಯತ್ಯಾಸವೆಂದರೆ ಇಲ್ಲಿ ಚಿಮುಕಿಸುವುದು ಲೀಟರಿಗೆ ನೂರು ರೂಪಾಯಿಯ ಇಂಧನ.

ಹಾಗಾದರೆ ಉಳಿತಾಯ ಎಲ್ಲಿದೆ? ಸಮತಟ್ಟು ರಸ್ತೆಯಲ್ಲಿ, ಹಗುರ ಕಾಲಿನಲ್ಲಿ. ಎಂಬತ್ತರ ವೇಗದಲ್ಲಿ ಸಾಗಲು ಸಣ್ಣ ಕಾರಿಗೆ ಹದಿನೈದಿಪ್ಪತ್ತು ಅಶ್ವಶಕ್ತಿ ಸಾಕು. ಆಗ ದೊಡ್ಡ ಪೆಟ್ರೋಲ್ ಎಂಜಿನ್ನು ಮೂಗು ಅರ್ಧ ಮುಚ್ಚಿಕೊಂಡು ಉಸಿರೆಳೆಯುವವನಂತೆ ಏದುತ್ತಿರುತ್ತದೆ. ಗಾಳಿಯ ಬಾಗಿಲು ಕಿರಿದಾಗಿ, ಉಸಿರೆಳೆಯುವುದಕ್ಕೇ ಒಂದಷ್ಟು ಶಕ್ತಿ ಹಾಳಾಗುತ್ತದೆ. ಚಿಕ್ಕ ಎಂಜಿನ್ನಿಗೆ ಆ ನಷ್ಟ ಕಡಿಮೆ. ನಮ್ಮಲ್ಲಿ ಅಧಿಕೃತ ಮೈಲೇಜ್ ಅಳೆಯುವುದು ಇಂಥ ಹಗುರ ಓಟದಲ್ಲೇ: ಪ್ರಯೋಗಾಲಯದ ಉರುಳೆಗಳ ಮೇಲೆ, ಗಂಟೆಗೆ 90 ಕಿ.ಮೀ. ಮೀರದೆ. ಅಲ್ಲಿ ಚಾರ್ಮಾಡಿ ಇಲ್ಲ. ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ 2013ರಲ್ಲಿ ಪುಟ್ಟ ಟರ್ಬೊ ಕಾರುಗಳನ್ನು ತಾನೇ ಓಡಿಸಿ ನೋಡಿ, ಅವುಗಳಲ್ಲಿ ಹಲವು ದೊಡ್ಡ ಸಾದಾ ಎಂಜಿನ್ನಿನ ಕಾರುಗಳಿಗಿಂತ ಹೆಚ್ಚೇನೂ ಉಳಿಸುತ್ತಿಲ್ಲ ಎಂದು ಬರೆಯಿತು. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ; ಎರಡೂ ಒಂದೇ ಹೊತ್ತಿಗೆ ನಡೆಯುವುದಿಲ್ಲ.

ಇಷ್ಟಾದರೂ ನಮ್ಮ ರಸ್ತೆಗಳಲ್ಲಿ ಪುಟ್ಟ ಟರ್ಬೊಗಳು ಇಷ್ಟೊಂದು ಏಕೆ? ಎಂಜಿನಿಯರಿಂಗ್ ಅರ್ಧ ಕಾರಣ, ತೆರಿಗೆ ಇನ್ನರ್ಧ. 2006ರ ಕೇಂದ್ರ ಬಜೆಟ್ ನಾಲ್ಕು ಮೀಟರಿಗಿಂತ ಉದ್ದವಿಲ್ಲದ, 1200 ಸಿಸಿ ಒಳಗಿನ ಪೆಟ್ರೋಲ್ ಮತ್ತು 1500 ಸಿಸಿ ಒಳಗಿನ ಡೀಸೆಲ್ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿತು. ಆ ಗೆರೆ ಇಂದಿಗೂ ಅಳಿಸಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಈಚೆಗಿನ ಕಾರಿಗೆ ಶೇ 18 ಜಿಎಸ್‌ಟಿ, ಆಚೆಗಿನದಕ್ಕೆ ಶೇ 40. ಮಾರುತಿಯ ಲೆಕ್ಕವನ್ನೇ ನೋಡಿ. ಅದರ ಒಂದು ಲೀಟರಿನ ಟರ್ಬೊಗೆ 100 ಅಶ್ವಶಕ್ತಿ, 147.6 ನ್ಯೂಟನ್ ಮೀಟರ್ ಟಾರ್ಕ್. ಒಂದೂವರೆ ಲೀಟರಿನ ಸಾದಾ ಎಂಜಿನ್ನಿಗೆ 103 ಅಶ್ವಶಕ್ತಿ, ಸುಮಾರು 137 ಟಾರ್ಕ್. ಕಸುವು ಸರಿಸಮ, ತೆರಿಗೆ ಮಾತ್ರ ಎರಡು ಪಟ್ಟಿಗೂ ಹೆಚ್ಚು. ಕೊಡಪಾನದ ಗಾತ್ರಕ್ಕೆ ಸುಂಕ ಹಾಕಿ, ಅದನ್ನು ದಿನಕ್ಕೆ ಎಷ್ಟು ಸಲ ತುಂಬಿಸುತ್ತೀರಿ ಎಂದು ಕೇಳದೆ ಬಿಟ್ಟಂತಾಯಿತು.

ಈ ತಪ್ಪನ್ನು ಫಾರ್ಮುಲಾ ಒನ್ ರೇಸಿನವರು ಮೊದಲೇ ಮಾಡಿ, ತಿದ್ದಿಕೊಂಡಿದ್ದಾರೆ. 1966ರ ಅವರ ನಿಯಮದಲ್ಲಿ ಸಾದಾ ಎಂಜಿನ್ನಿಗೆ 3 ಲೀಟರ್, ಗಾಳಿ ಒತ್ತಿ ತುಂಬುವ ಎಂಜಿನ್ನಿಗೆ 1.5 ಲೀಟರ್. ಹತ್ತು ವರ್ಷ ಯಾರೂ ಎರಡನೆಯದರ ತಂಟೆಗೆ ಹೋಗಲಿಲ್ಲ. 1977ರಲ್ಲಿ ಫ್ರಾನ್ಸಿನ ರೆನೋ ಕಂಪನಿ ಟರ್ಬೊ ಕಾರು ಇಳಿಸಿದಾಗ, ಪದೇಪದೇ ಹೊಗೆಯುಗುಳಿ ನಿಲ್ಲುತ್ತಿದ್ದ ಅದನ್ನು ‘ಹಳದಿ ಟೀಪಾಟ್’ ಎಂದು ಆಡಿಕೊಂಡರು. 1979ರಲ್ಲಿ ದಿಜೋಂನಲ್ಲಿ ರೆನೋ ಗೆದ್ದಿತು. 1986ರ ಹೊತ್ತಿಗೆ ಅರ್ಹತಾ ಸುತ್ತಿನಲ್ಲಿ ಒಂದೂವರೆ ಲೀಟರಿನಿಂದ ಸಾವಿರಕ್ಕೂ ಹೆಚ್ಚು ಅಶ್ವಶಕ್ತಿ ಹೊರಡುತ್ತಿತ್ತು. ಅಷ್ಟರಲ್ಲಾಗಲೇ ಅವರಿಗೆ ಅರ್ಥವಾಗಿತ್ತು, ಎಂಜಿನ್ನಿನ ಲೀಟರ್ ಎಂಬುದು ಅಳತೆಯೇ ಅಲ್ಲ ಎಂದು. ಇಂಧನಕ್ಕೇ ಮಿತಿ ಹಾಕಿದರು: 1984ರಲ್ಲಿ ರೇಸಿಗೆ 220 ಲೀಟರ್, 1986ರಲ್ಲಿ 195, 1988ರಲ್ಲಿ ಟರ್ಬೊಗಳಿಗೆ 150. ಆ 150 ಲೀಟರಿನಲ್ಲೇ ಮೆಕ್ಲಾರೆನ್-ಹೋಂಡಾ ಆ ವರ್ಷದ 16 ರೇಸುಗಳಲ್ಲಿ 15 ಗೆದ್ದಿತು. ಎಂಜಿನಿಯರನಿಗೆ ಸರಿಯಾದ ಅಳತೆಗೋಲು ಕೊಟ್ಟರೆ ಮಿತವ್ಯಯ ತಾನಾಗಿ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಕಾರು ಕಂಪನಿಗಳ ಒಟ್ಟು ಸರಾಸರಿ ಇಂಧನ ಬಳಕೆಗೆ 2017ರಿಂದ ನಮ್ಮಲ್ಲೂ ಮಿತಿ ಇದೆ. ಆದರೆ ಕೊಳ್ಳುವವನ ಬಿಲ್ಲಿನಲ್ಲಿ ಇನ್ನೂ ಆಳುತ್ತಿರುವುದು ಸಿಸಿ. ಕಾರು ಲೀಟರಿಗೆ ಎಷ್ಟು ದೂರ ಓಡುತ್ತದೆ, ಎಷ್ಟು ಹೊಗೆ ಬಿಡುತ್ತದೆ ಎಂಬುದರ ಮೇಲೆ ತೆರಿಗೆ ನಿಲ್ಲಬೇಕು. ಆ ಮೈಲೇಜನ್ನೂ ಏರು, ಹೊರೆ, ಎಸಿ ಎಲ್ಲ ಸೇರಿಸಿ ಅಳೆಯಬೇಕು. ಜಿಎಸ್‌ಟಿ ಮಂಡಳಿ ಮುಂದಿನ ಸಲ ದರ ತಿದ್ದಲು ಕುಳಿತಾಗ ಮೊದಲು ಅಳಿಸಬೇಕಾದ ಗೆರೆ ಇದು.

ಅಲ್ಲಿಯವರೆಗೆ, ಟರ್ಬೊ ಕೊಳ್ಳಬೇಕೆಂದಿರುವವರು ಟೆಸ್ಟ್ ಡ್ರೈವಿಗೆ ಒಬ್ಬರೇ ಹೋಗಬೇಡಿ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿ, ಹತ್ತಿರದ ಒಂದು ಏರು ಹತ್ತಿಸಿ ನೋಡಿ. ಕೊಂಡ ಮೇಲೆ ಟ್ಯಾಂಕ್ ಫುಲ್ ಮಾಡಿಸಿ, ಇನ್ನೂರು ಮುನ್ನೂರು ಕಿ.ಮೀ. ಓಡಿಸಿ, ಮತ್ತೆ ಫುಲ್ ಮಾಡಿಸಿ, ಲೆಕ್ಕ ಬರೆದಿಡಿ. ಭಾವನಿಗೂ ಅದನ್ನೇ ಹೇಳಿದ್ದೇನೆ.