ಕಿಲೋಮೀಟರ್ ಎಣಿಸುವ ಸರಕಾರ ಜೀವಗಳನ್ನೂ ಎಣಿಸಲಿ

ಪ್ರತಿವರ್ಷ ಮಾರ್ಚ್ ತಿಂಗಳು ಮುಗಿಯುತ್ತಿದ್ದಂತೆಯೇ ಕೇಂದ್ರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಇಲಾಖೆಯು ಒಂದು ಲೆಕ್ಕವನ್ನು ದೇಶದ ಮುಂದಿಡುತ್ತದೆ. ಆ ವರ್ಷ ಎಷ್ಟು ಕಿಲೋಮೀಟರ್ ಹೆದ್ದಾರಿ ನಿರ್ಮಾಣವಾಯಿತು, ದಿನವೊಂದಕ್ಕೆ ಸರಾಸರಿ ಎಷ್ಟಾಯಿತು ಎಂಬ ಲೆಕ್ಕ ಅದು. 2020-21ರಲ್ಲಿ 13,327 ಕಿ.ಮೀ., ಅಂದರೆ ದಿನಕ್ಕೆ ಸುಮಾರು 37 ಕಿ.ಮೀ. ಹೆದ್ದಾರಿ ನಿರ್ಮಿಸಲಾಯಿತು ಎಂದು ಇಲಾಖೆ ಹೆಮ್ಮೆಪಟ್ಟುಕೊಂಡಿತ್ತು. 2014ರಲ್ಲಿ 91 ಸಾವಿರ ಕಿ.ಮೀ.ಯಷ್ಟಿದ್ದ ರಾಷ್ಟ್ರೀಯ ಹೆದ್ದಾರಿಯ ಉದ್ದ 2024ರ ಕೊನೆಗೆ 1 ಲಕ್ಷದ 46 ಸಾವಿರ ಕಿ.ಮೀ. ದಾಟಿತು. ಈ ಹೆಚ್ಚಳದಲ್ಲಿ, ಮೊದಲೇ ಇದ್ದ ರಾಜ್ಯ ಹೆದ್ದಾರಿಗಳಿಗೆ ರಾಷ್ಟ್ರೀಯ ಹೆದ್ದಾರಿಯ ಪಟ್ಟ ಕಟ್ಟಿದ ಪಾಲೂ ಇದೆ. ಹಾಗಿದ್ದರೂ ಕೆಲಸ ನಡೆದಿಲ್ಲವೆಂದು ಯಾರೂ ಹೇಳುವಂತಿಲ್ಲ. ಮಾಡಿದ ಕೆಲಸವನ್ನು ಒಪ್ಪಿಕೊಳ್ಳುವುದೇ ನ್ಯಾಯ.

ನಿಜವಾಗಿ, ಈ ಪಯಣ ಇಂದು ನಿನ್ನೆ ಆರಂಭವಾದುದಲ್ಲ. 1998ರಲ್ಲಿ ಅಟಲ್ ಬಿಹಾರಿ ವಾಜಪೇಯಿಯವರ ಸರಕಾರ ರಾಷ್ಟ್ರೀಯ ಹೆದ್ದಾರಿ ಅಭಿವೃದ್ಧಿ ಯೋಜನೆಯನ್ನು ಘೋಷಿಸಿತು. ದಿಲ್ಲಿ, ಮುಂಬೈ, ಚೆನ್ನೈ, ಕೋಲ್ಕತಾ ನಗರಗಳನ್ನು ಜೋಡಿಸುವ 5,846 ಕಿ.ಮೀ.ಯ ಸುವರ್ಣ ಚತುಷ್ಪಥ ಆ ಯೋಜನೆಯ ಫಲ. ಬೆಳಗಾವಿಯಿಂದ ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಮೂಲಕ ಬೆಂಗಳೂರಿಗೆ, ಅಲ್ಲಿಂದ ಕೋಲಾರದತ್ತ ಸಾಗುವ ದಾರಿ ಅದರದ್ದೇ ಭಾಗ. ಅನಂತರ ಬಂದ ಮನಮೋಹನ್ ಸಿಂಗ್‌ರ ಸರಕಾರ ಅದನ್ನು ಮುಂದುವರಿಸಿತು. 2017ರಲ್ಲಿ ನರೇಂದ್ರ ಮೋದಿಯವರ ಸರಕಾರ ಭಾರತ್‌ಮಾಲಾ ಹೆಸರಿನಲ್ಲಿ 34,800 ಕಿ.ಮೀ.ಯ ಇನ್ನೊಂದು ಯೋಜನೆಗೆ ಒಪ್ಪಿಗೆ ನೀಡಿತು. ಆದ್ದರಿಂದ, ಹೆದ್ದಾರಿಯ ಶ್ರೇಯಸ್ಸು ಒಂದೇ ಪಕ್ಷದ ಸೊತ್ತಲ್ಲ. ಅದರ ಹೊಣೆಗಾರಿಕೆಯಿಂದ ಯಾವ ಪಕ್ಷಕ್ಕೂ ವಿನಾಯಿತಿಯೂ ಇಲ್ಲ.

ಆದರೆ ಇದೇ ಇಲಾಖೆಯಿಂದ ಇನ್ನೊಂದು ಲೆಕ್ಕವೂ ಹೊರಬೀಳುತ್ತದೆ. ಅದಕ್ಕೆ ಜಾಹೀರಾತು ಇರುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳು ಸಂಭವಿಸಿ 1,68,491 ಮಂದಿ ಪ್ರಾಣ ಕಳಕೊಂಡರು. ಗಂಟೆಗೆ 19 ಮಂದಿ! ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಶೇ. 2ರಷ್ಟು ಮಾತ್ರ. ಸಾವಿನಲ್ಲಿ ಅವುಗಳ ಪಾಲು ಶೇ. 36. ಮರುವರ್ಷ, 2023ರಲ್ಲಿ, ಸತ್ತವರ ಸಂಖ್ಯೆ 1 ಲಕ್ಷದ 72 ಸಾವಿರ ದಾಟಿತು. 2020ರೊಳಗೆ ರಸ್ತೆ ಸಾವುಗಳನ್ನು ಅರ್ಧಕ್ಕಿಳಿಸುವೆವೆಂದು 2015ರಲ್ಲಿ ಬ್ರೆಸಿಲಿಯಾದ ಜಾಗತಿಕ ಸಮ್ಮೇಳನದಲ್ಲಿ ಭಾರತವೂ ಮಾತು ಕೊಟ್ಟಿತ್ತು. ಅವಧಿ ಮುಗಿಯಿತು, ಮಾತು ಉಳಿಯಲಿಲ್ಲ. ಈಗ ಆ ಗುರಿಯನ್ನು 2030ಕ್ಕೆ ಮುಂದೂಡಲಾಗಿದೆ. ಅಂತಾರಾಷ್ಟ್ರೀಯ ಸಭೆಗಳಲ್ಲಿ ಅಪಘಾತದ ಪ್ರಸ್ತಾಪ ಬಂದಾಗ ಮುಖ ಮರೆಸಿಕೊಳ್ಳಬೇಕಾಗುತ್ತದೆ ಎಂದು ಸಚಿವ ನಿತಿನ್ ಗಡ್ಕರಿಯವರೇ 2024ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಒಪ್ಪಿಕೊಂಡರು. ಅವರ ಪ್ರಾಮಾಣಿಕತೆ ಮೆಚ್ಚತಕ್ಕದ್ದೇ. ಆದರೆ ಹತ್ತು ವರ್ಷ ಅದೇ ಇಲಾಖೆಯನ್ನು ನಡೆಸಿದ ಸಚಿವರಿಂದ ಜನರು ನಿರೀಕ್ಷಿಸುವುದು ನಾಚಿಕೆಯನ್ನೋ ಪರಿಹಾರವನ್ನೋ?

ಕರಾವಳಿಯಲ್ಲಿ ವಾಸಿಸುವವರಿಗೆ ಈ ಪ್ರಶ್ನೆ ಅಂಕಿಸಂಖ್ಯೆಯ ಪ್ರಶ್ನೆಯಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ಹೆದ್ದಾರಿ ಬದಿಯಲ್ಲಿ ಚಹಾದಂಗಡಿ ನಡೆಸಿ ಬದುಕುತ್ತಿದ್ದ ಕುಟುಂಬವೇ ಮಣ್ಣಿನಡಿ ಸೇರಿತು. ಲಾರಿ ನಿಲ್ಲಿಸಿದ್ದ ಚಾಲಕರು ಕೊಚ್ಚಿಹೋದರು. ಕೇರಳದ ಒಬ್ಬ ಲಾರಿ ಚಾಲಕನ ಮೃತದೇಹ ಗಂಗಾವಳಿ ನದಿಯಿಂದ ಹೊರಬರಲು ಎರಡು ತಿಂಗಳಿಗೂ ಮಿಕ್ಕಿ ಕಾಯಬೇಕಾಯಿತು. ಮಳೆ ವಿಪರೀತವಾಗಿತ್ತು, ನಿಜ. ಆದರೆ ಕರಾವಳಿಗೆ ಮಳೆ ಹೊಸತೇ? ರಸ್ತೆ ಅಗಲಗೊಳಿಸುವುದಕ್ಕಾಗಿ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ, ನೀರು ಇಳಿದುಹೋಗಲು ದಾರಿ ಮಾಡದಿದ್ದರೆ, ಅದು ಒಂದಲ್ಲ ಒಂದು ದಿನ ಕೆಳಗೆ ಬರುತ್ತದೆಂಬುದನ್ನು ತಿಳಿಯಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಶಿರೂರಿನ ಮಣ್ಣು ತೆರವಾಗುವ ಮೊದಲೇ, ಆಗಸ್ಟ್ ತಿಂಗಳ ಒಂದು ರಾತ್ರಿ, ಇದೇ ಹೆದ್ದಾರಿಯಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. 2025ರ ಮೇ ತಿಂಗಳಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ, ಗದ್ದೆಯ ಮೇಲೆ ಮಣ್ಣು ತುಂಬಿ ಎತ್ತರಿಸಿದ್ದ ಇದೇ 66ರ ಹೊಸ ಭಾಗ ಕುಸಿಯಿತು. ಒಂದೇ ಹೆದ್ದಾರಿಯಲ್ಲಿ, ಒಂದು ವರ್ಷದೊಳಗೆ, ಮೂರು ಪಾಠಗಳು. ಕಲಿಯಬೇಕಾದವರು ಕಲಿತಿದ್ದಾರೆಯೇ?

ಇನ್ನು ದುಡ್ಡಿನ ವಿಷಯ. ಭಾರತ್‌ಮಾಲಾದ ಮೊದಲ ಹಂತದಲ್ಲಿ ಕಿಲೋಮೀಟರ್‌ಗೆ 15.37 ಕೋಟಿ ರೂಪಾಯಿ ವೆಚ್ಚವಾಗುವುದೆಂದು ಒಪ್ಪಿಗೆ ಪಡೆದದ್ದು, ಮಂಜೂರಾತಿಯ ವೇಳೆಗೆ 32.17 ಕೋಟಿಗೆ ಏರಿತ್ತೆಂದು ಮಹಾಲೇಖಪಾಲರ 2023ರ ವರದಿ ಹೇಳಿತು. ಸರಕಾರ ತನ್ನದೇ ಸಮರ್ಥನೆ ನೀಡಿದೆ. ಇರಲಿ. ಆದರೆ ಇದು ಯಾರ ಹಣ? ನಾವು ವಾಹನ ಕೊಳ್ಳುವಾಗ ತೆರಿಗೆ ಕೊಡುತ್ತೇವೆ. ಪೆಟ್ರೋಲ್, ಡೀಸೆಲ್ ತುಂಬಿಸುವಾಗ ರಸ್ತೆಯ ಹೆಸರಿನಲ್ಲಿ ಸೆಸ್ ಕೊಡುತ್ತೇವೆ. ಹೆದ್ದಾರಿಗಿಳಿದಾಗ ಟೋಲ್ ಕೊಡುತ್ತೇವೆ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾದ ಬಳಿಕ ನಮ್ಮ ಖಾತೆಯಿಂದ ಹಣ ಕಡಿತವಾಗಲು ಕ್ಷಣಗಳೇ ಸಾಕು. ಆದರೆ ಹೊಂಡ ಮುಚ್ಚಲು? ಸರ್ವಿಸ್ ರಸ್ತೆ ಪೂರ್ಣಗೊಳಿಸಲು? ದಾರಿದೀಪ ಹಾಕಲು? ಟೋಲ್‌ಗೆ ಇರುವ ವೇಗ ಇವುಗಳಿಗೆ ಏಕಿಲ್ಲ? ಒಂದು ಟೋಲ್‌ಗೇಟ್‌ನಿಂದ 60 ಕಿ.ಮೀ.ಯೊಳಗೆ ಇನ್ನೊಂದು ಇರಬಾರದೆಂಬುದು ಸಾಮಾನ್ಯ ನಿಯಮ. ಹೀಗಿದ್ದೂ ಸುರತ್ಕಲ್‌ನ ಟೋಲ್‌ಗೇಟ್ ಮುಚ್ಚಬೇಕಾದರೆ ಜನರು ವರ್ಷಗಟ್ಟಲೆ ಹೋರಾಡಬೇಕಾಯಿತು. 2022ರ ಡಿಸೆಂಬರ್ 1ರಂದು ಅದು ಮುಚ್ಚಿದಾಗ ಗೆದ್ದದ್ದು ಯಾವ ಪಕ್ಷವೂ ಅಲ್ಲ, ಪಕ್ಷಭೇದ, ಧರ್ಮಭೇದ ಮರೆತು ಹೆದ್ದಾರಿಯಲ್ಲಿ ಕುಳಿತ ನಾಗರಿಕರು.

ಪ್ರಶ್ನಿಸುವವರಿಗೆ ಈ ದೇಶದಲ್ಲಿ ಏನಾಗಬಹುದೆಂಬುದಕ್ಕೂ ಹೆದ್ದಾರಿಯೇ ಸಾಕ್ಷಿ ನುಡಿಯುತ್ತದೆ. ಸುವರ್ಣ ಚತುಷ್ಪಥದ ಕಾಮಗಾರಿಯಲ್ಲಿನ ಅವ್ಯವಹಾರದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದಿದ್ದ ಯುವ ಎಂಜಿನಿಯರ್ ಸತ್ಯೇಂದ್ರ ದುಬೆ, ತನ್ನ ಹೆಸರನ್ನು ಗುಪ್ತವಾಗಿಡಬೇಕೆಂದು ಕೋರಿದ್ದರು. ಹೆಸರು ಗುಪ್ತವಾಗಿ ಉಳಿಯಲಿಲ್ಲ. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಇದು ದರೋಡೆಗಾಗಿ ನಡೆದ ಕೊಲೆಯೆಂದು ತನಿಖೆ ಹೇಳಿತು, 2010ರಲ್ಲಿ ಮೂವರಿಗೆ ಶಿಕ್ಷೆಯೂ ಆಯಿತು. ಆದರೆ ಅವರ ಪತ್ರ ಎತ್ತಿದ ಪ್ರಶ್ನೆಗಳಿಗೆ ವಯಸ್ಸಾಗಿಲ್ಲ.

ಹಾಗಾದರೆ ಸಾವುಗಳನ್ನು ತಡೆಯಲು ಸಾಧ್ಯವೇ ಇಲ್ಲವೇ? ಸಾಧ್ಯ ಎನ್ನುತ್ತದೆ ಬೆಂಗಳೂರು-ಮೈಸೂರು ಹೆದ್ದಾರಿ. 2023ರ ಮಾರ್ಚ್ 12ರಂದು ಅದ್ದೂರಿಯಾಗಿ ಉದ್ಘಾಟನೆಗೊಂಡ ಆ ರಸ್ತೆಯಲ್ಲಿ ಮೊದಲ ತಿಂಗಳುಗಳಲ್ಲೇ ಸಾವುಗಳು ಸಾಲುಗಟ್ಟಿದವು. ಬಳಿಕ ಪೊಲೀಸರು ವೇಗಮಿತಿ ಬಿಗಿಗೊಳಿಸಿದರು, ಕ್ಯಾಮರಾ ಅಳವಡಿಸಿದರು, ದಂಡ ವಿಧಿಸಿದರು. ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ಪಥದಲ್ಲಿ ನಿಷೇಧ ಬಂತು. ಸಾವುಗಳು ಇಳಿದವು. ಅಂದರೆ, ಉದ್ಘಾಟನೆಯ ದಿನಾಂಕಕ್ಕೆ ಕೊಟ್ಟ ಮಹತ್ವವನ್ನು ಸುರಕ್ಷೆಗೂ ಮೊದಲೇ ಕೊಟ್ಟಿದ್ದರೆ ಎಷ್ಟೋ ಮನೆಗಳ ದೀಪ ಆರುತ್ತಿರಲಿಲ್ಲ.

ಆದರೆ ಎಲ್ಲ ಹೊಣೆಯನ್ನೂ ಸರಕಾರದ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. 2022ರಲ್ಲಿ ಸತ್ತವರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. 50 ಸಾವಿರಕ್ಕೂ ಅಧಿಕ ಮಂದಿ ಹೆಲ್ಮೆಟ್ ಧರಿಸಿರಲಿಲ್ಲ. ಹದಿನೆಂಟು ತುಂಬದವರು 9,528 ಮಂದಿ. ಈ ಮಕ್ಕಳಲ್ಲಿ ಬೈಕ್ ಓಡಿಸುತ್ತಿದ್ದವರ ಕೈಗೆ ಕೀಲಿ ಕೊಟ್ಟವರು ಯಾರು? ವಿದೇಶದಿಂದ ರಜೆಯಲ್ಲಿ ಬಂದ ತಂದೆ ಮಗನಿಗೆ ಬೈಕ್ ಕೊಡಿಸುತ್ತಾರೆ. ಪರವಾನಿಗೆಯ ವಯಸ್ಸಾಗದ ಮಗನನ್ನು ತಾಯಿ ಸ್ಕೂಟರ್‌ನಲ್ಲಿ ಅಂಗಡಿಗೆ ಕಳುಹಿಸುತ್ತಾರೆ. ಮದುವೆಯ ದಿಬ್ಬಣವೆಂದರೆ ಸೈಲೆನ್ಸರ್ ಕಿತ್ತ ಬೈಕುಗಳ ಸಾಲು ಎಂಬಂತಾಗಿದೆ. ಯಾರೂ ತಡೆಯುವುದಿಲ್ಲ. ಅಪಘಾತವಾದ ಮೇಲೆ ಎಲ್ಲರೂ ವಿಧಿಯನ್ನು ದೂರುತ್ತಾರೆ. ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧವೆಸಗಿದರೆ ಹೆತ್ತವರಿಗೆ ಅಥವಾ ವಾಹನದ ಮಾಲಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25 ಸಾವಿರ ರೂಪಾಯಿ ದಂಡ ವಿಧಿಸಬಹುದೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಆದರೆ ಮಗನನ್ನು ಕಳಕೊಂಡ ತಾಯಿಗೆ ಯಾವ ನ್ಯಾಯಾಲಯ ಅದಕ್ಕಿಂತ ದೊಡ್ಡ ಶಿಕ್ಷೆ ಕೊಡಬಲ್ಲದು?

ಇನ್ನೂ ಒಂದು ವಿಷಯವನ್ನು ಪ್ರತಿ ಮನೆಯೂ ತಿಳಿದಿರಬೇಕು. ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಕೇಸು ಮೈಮೇಲೆ ಬರುತ್ತದೆಂಬ ಭಯ ಈಗಲೂ ಜನರಲ್ಲಿದೆ. ಆ ಭಯಕ್ಕೆ ಈಗ ಆಧಾರವಿಲ್ಲ. ಸದುದ್ದೇಶದಿಂದ ನೆರವಾದವರನ್ನು ಕಾನೂನು ರಕ್ಷಿಸುತ್ತದೆ. ಅವರ ಹೆಸರು, ವಿಳಾಸ ಹೇಳುವಂತೆ ಪೊಲೀಸರಾಗಲಿ ಆಸ್ಪತ್ರೆಯಾಗಲಿ ಬಲವಂತ ಮಾಡುವಂತಿಲ್ಲ. ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ನೀಡುವ ಯೋಜನೆಯನ್ನು 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಅಧಿಸೂಚಿಸಿದೆ. ಗುದ್ದಿ ಪರಾರಿಯಾದ ವಾಹನದಿಂದ ಮೃತಪಟ್ಟವರ ಕುಟುಂಬಕ್ಕೆ ಎರಡು ಲಕ್ಷ ರೂಪಾಯಿ ಪರಿಹಾರವಿದೆ. ಇವು ಕಾಗದದಲ್ಲಿ ಉಳಿಯಬಾರದೆಂದಾದರೆ ಕೇಳುವವರು ಬೇಕು. ಮೊಹಲ್ಲಾದ ಯುವಕರ ಸಂಘಟನೆಗಳು ಧ್ವನಿವರ್ಧಕ, ಬ್ಯಾನರುಗಳಿಗೆ ವ್ಯಯಿಸುವ ಶ್ರಮದಲ್ಲಿ ಒಂದಂಶವನ್ನು ಈ ತಿಳುವಳಿಕೆಗೆ ಮೀಸಲಿಡಬಾರದೇ?

ಸರಕಾರ ರಸ್ತೆ ಮಾಡಲಿ, ಇನ್ನಷ್ಟು ಮಾಡಲಿ. ಆದರೆ ಪ್ರತಿವರ್ಷ ಮಾರ್ಚ್ ಕೊನೆಗೆ ಕಿಲೋಮೀಟರಿನ ಲೆಕ್ಕ ಕೊಡುವಾಗ, ಎಷ್ಟು ಗುಡ್ಡಗಳನ್ನು ಭದ್ರಪಡಿಸಲಾಯಿತು, ಎಷ್ಟು ಅಪಾಯಕಾರಿ ತಿರುವುಗಳನ್ನು ಸರಿಪಡಿಸಲಾಯಿತು, ಪಾದಚಾರಿಗಳಿಗೆ ಎಷ್ಟು ಮೇಲ್ಸೇತುವೆ ಕಟ್ಟಲಾಯಿತು, ಕಳಪೆ ಕಾಮಗಾರಿಗೆ ಎಷ್ಟು ಅಧಿಕಾರಿಗಳೂ ಗುತ್ತಿಗೆದಾರರೂ ಶಿಕ್ಷೆಗೊಳಗಾದರು ಎಂಬ ಲೆಕ್ಕವನ್ನೂ ಜೊತೆಗೇ ಕೊಡಲಿ. ಎರಡೂ ಲೆಕ್ಕಗಳು ಒಂದೇ ಪುಟದಲ್ಲಿ ಅಚ್ಚಾಗಲಿ. ರಸ್ತೆ ಇರುವುದು ಜನರನ್ನು ಬೇಗ ತಲುಪಿಸುವುದಕ್ಕಾಗಿ. ಬೇಗ ತಲುಪಿಸಬೇಕಾದದ್ದು ಮನೆಗೆ, ಶವಾಗಾರಕ್ಕಲ್ಲ.