ಫೋರ್ಕಿಗೆ ಯಾವ ಎಣ್ಣೆ?

ಹೈದರಾಬಾದಿನಲ್ಲಿ ಭಾನುವಾರ ಬೆಳಿಗ್ಗೆ ಗಂಡಿಪೇಟೆಯ ಕಡೆಗೋ ಅನಂತಗಿರಿ ಗುಡ್ಡಕ್ಕೋ ಮೌಂಟನ್ ಬೈಕ್ ಹೊರಡಿಸುವವರು ಈಗ ಸಾಕಷ್ಟಿದ್ದಾರೆ. ಅರವತ್ತು ಸಾವಿರದಿಂದ ಎರಡು ಲಕ್ಷದವರೆಗಿನ ಸೈಕಲ್ಲುಗಳು. ಮನೆಗೆ ಬಂದು ಪೈಪಿನಲ್ಲಿ ನೀರು ಹಾಯಿಸಿ, ಮುಂದಿನ ಸಸ್ಪೆನ್ಷನ್ ಕೊಳವೆಗಳಿಗೆ ಡಬ್ಲ್ಯುಡಿ-40 ಹೊಡೆದು ಒರೆಸಿದರೆ ಮುಗಿಯಿತು. ಕೊಳವೆ ಫಳಫಳ ಹೊಳೆಯುತ್ತದೆ. ಆ ಹೊಳಪೇ ಫೋರ್ಕನ್ನು ಕೊಲ್ಲುತ್ತಿದೆ ಎಂಬುದು ನನ್ನ ತಕರಾರು.

1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ ಆ ದ್ರವದ ಹೆಸರಿನಲ್ಲೇ ಅದರ ಕೆಲಸವಿದೆ: ಲೋಹದ ಮೇಲಿನ ನೀರನ್ನು ಓಡಿಸುವುದು. ತುಕ್ಕು ಹಿಡಿದ ಬೋಲ್ಟಿಗೆ ಚೆನ್ನ. ಫೋರ್ಕಿನಲ್ಲಿ ಅದು ಸೀಲಿನ ತುಟಿ ದಾಟಿ ಒಳಗಿಳಿದು, ಅಲ್ಲಿದ್ದ ಗ್ರೀಸನ್ನು ತೊಳೆದು ಹಾಕುತ್ತದೆ.

ಹಾಗಾದರೆ ಯಾವ ಎಣ್ಣೆ? ಒಂದೇ ಉತ್ತರವಿಲ್ಲ, ಏಕೆಂದರೆ ಫೋರ್ಕಿನೊಳಗೆ ಮೂರು ಬೇರೆ ಕೆಲಸಗಳಿವೆ. ಕೆಳಗಿನ ಕಾಲುಗಳ ತಳದಲ್ಲಿ ನಿಂತು ಬುಶಿಂಗನ್ನೂ ಸ್ಪಂಜಿನ ಉಂಗುರವನ್ನೂ ಒದ್ದೆಯಾಗಿಡುವ ಎಣ್ಣೆ ಒಂದು. ಅನೇಕ ಫೋರ್ಕುಗಳಲ್ಲಿ ಒಂದು ಕಾಲಿಗೆ ಹತ್ತಿಪ್ಪತ್ತು ಮಿಲಿಲೀಟರ್ ಸಾಕು. ರಾಕ್‌ಶಾಕ್ಸ್ ತನ್ನ ಹಲವು ಮಾದರಿಗಳಿಗೆ ಇಲ್ಲಿ ಹೇಳುವುದು 0ಡಬ್ಲ್ಯು-30. ಕಾರಿನ ಎಂಜಿನ್ ಆಯಿಲ್ ಡಬ್ಬಿಯ ಮೇಲೆ ನೀವು ಓದುವ ಅದೇ ಅಂಕೆ. ವಾರಂಟಿ ಇರುವಷ್ಟು ದಿನ ಕಂಪನಿ ಹೇಳಿದ್ದನ್ನೇ ಹಾಕಿ. ಆಮೇಲೆ ಅದೇ ದರ್ಜೆಯ ಒಳ್ಳೆಯ ಸಿಂಥೆಟಿಕ್ ಎಂಜಿನ್ ಆಯಿಲ್ ಹಾಕಿದರೆ ಪಾಪವೇನೂ ಅಂಟುವುದಿಲ್ಲ. ವಿದೇಶಿ ಬಾಟಲಿಗೆ ಕಾಯುತ್ತ ಹಳೆಯ ಎಣ್ಣೆಯಲ್ಲೇ ವರ್ಷ ತಳ್ಳುವವರಿಗಿಂತ ಇದು ಎಷ್ಟೋ ಮೇಲು.

ಗ್ರೀಸಿನಲ್ಲಿ ಮಾತ್ರ ಜಿಪುಣತನ ಬೇಡ. ಬೇರಿಂಗ್ ಅಂಗಡಿಯ ಲಿಥಿಯಂ ಗ್ರೀಸ್ ಚಕ್ರದ ಗುಂಬಕ್ಕೆ ಸರಿ. ಸೀಲಿಗೆ ಅದು ಗಟ್ಟಿ, ಸಣ್ಣ ಉಬ್ಬುಗಳಿಗೆ ಫೋರ್ಕು ಮಿಸುಕುವುದೇ ಇಲ್ಲ. ಸಸ್ಪೆನ್ಷನ್‌ಗೆಂದೇ ಮಾಡಿದ ಮೆದು ಗ್ರೀಸ್ ಬೇಕು, ಅದೂ ತೆಳುವಾಗಿ. ಬೆರಳ ತುಂಬ ಮೆತ್ತಿದರೆ ಏರ್ ಸ್ಪ್ರಿಂಗಿನ ಎರಡು ಕೋಣೆಗಳ ನಡುವೆ ಗಾಳಿ ದಾಟುವ ದಾರಿಯೇ ಕಟ್ಟಿಕೊಳ್ಳಬಹುದು.

ಮೂರನೆಯದು ಡ್ಯಾಂಪರ್ ಎಣ್ಣೆ. ಇಲ್ಲಿ ನಾನು ಹಟಮಾರಿ. ಡಬ್ಬಿಯ ಮೇಲಿನ "5", "10" ಎಂಬ ವೆಯ್ಟ್‌ಗೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆ ಇಲ್ಲ. ಒಬ್ಬರ 10 ಇನ್ನೊಬ್ಬರದಕ್ಕಿಂತ ನೀರಾಗಿರಬಹುದು. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ನಿಗ್ಧತೆ ಎಷ್ಟು ಸೆಂಟಿಸ್ಟೋಕ್ಸ್ ಎಂಬುದನ್ನು ತಯಾರಕರ ವಿವರಪಟ್ಟಿಯಲ್ಲಿ ನೋಡಿ. ಅದು ಹೊಂದಿದರೆ ರಾಣಿಗಂಜಿನಲ್ಲಿ ಸಿಗುವ ಮೋಟರ್‌ಸೈಕಲ್ ಫೋರ್ಕ್ ಆಯಿಲ್ ಕೂಡ ನಡೆಯುತ್ತದೆ. ಎಂಜಿನ್ ಆಯಿಲ್ ಮಾತ್ರ ಇಲ್ಲಿ ಸಲ್ಲ. ಇನ್ನು ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಎಣ್ಣೆ ತೆಳುವಾಗಿ ಫೋರ್ಕು ಚಂಗನೆ ಮೇಲೆದ್ದರೆ, ದಪ್ಪ ಎಣ್ಣೆ ಹುಡುಕುವ ಮುನ್ನ ರೀಬೌಂಡ್ ಗುಬುಟನ್ನು ಒಂದೆರಡು ಕ್ಲಿಕ್ ತಿರುಗಿಸಿ. ಅದಕ್ಕೆ ದುಡ್ಡಿಲ್ಲ.

ಇಷ್ಟೆಲ್ಲ ಯಾಕೆಂದರೆ ಈ ಊರು ಕಲ್ಲಿನದು. ಗ್ರಾನೈಟ್ ಸವೆದ ಧೂಳು ಎಣ್ಣೆಯೊಂದಿಗೆ ಬೆರೆತರೆ ಉಜ್ಜುವ ಪೇಸ್ಟ್ ಆಗುತ್ತದೆ. ಕೊಳವೆಯ ಮೇಲಿನ ಲೇಪ ಒಮ್ಮೆ ಹೋಯಿತೆಂದರೆ ಯಾವ ಎಣ್ಣೆಯೂ ಅದನ್ನು ಮರಳಿ ತರದು. ಮೇಲಿನ ಜೋಡಣೆಯನ್ನೇ ಬದಲಿಸಬೇಕು, ಆ ಬೆಲೆಗೆ ಹೊಸ ಫೋರ್ಕಿನ ಆಸೆ ಹುಟ್ಟುತ್ತದೆ. ಕೆಳಗಿನ ಕಾಲುಗಳನ್ನು 50 ಗಂಟೆಗೊಮ್ಮೆ ಬಿಚ್ಚಿ ಎಂದು ರಾಕ್‌ಶಾಕ್ಸ್ ಹೇಳುತ್ತದೆ. ವಾರಕ್ಕೆ ಮೂರು ಗಂಟೆ ಓಡಿಸುವವರಿಗೆ ಅದು ನಾಲ್ಕು ತಿಂಗಳು.

ಅಂಗಡಿಗೆ ಕೊಟ್ಟರೆ ಬಿಚ್ಚುವಾಗ ಎದುರಿಗೆ ನಿಂತು, ಹೊರಬಂದ ಎಣ್ಣೆಯನ್ನು ಬಿಳಿ ತಟ್ಟೆಯಲ್ಲಿ ತೋರಿಸಲು ಹೇಳಿ. ಕಂದು ಬಣ್ಣವಿದ್ದರೆ ಧೂಳು. ಬೂದು ಬಣ್ಣದಲ್ಲಿ ಲೋಹದ ಮಿನುಗು ಕಂಡರೆ ಒಳಗೆ ಏನೋ ತೇಯುತ್ತಿದೆ. ಹಾಲಿನಂತಿದ್ದರೆ ನೀರು ಸೇರಿದೆ. ಆಗ ಸೀಲ್ ಬದಲಿಸದೆ ಹೊಸ ಎಣ್ಣೆ ಸುರಿದು ಬಿಲ್ ಕೊಡಲು ಬಿಡಬೇಡಿ.